ಈ ಮಾರ್ಟಿನಿ ಕಾರ್ಬೈನ್ ಅಸಲಿಯಾ? ಸ್ವಲ್ಪ ನೋಡಿ ಹೇಳಿ

ಹೊಸಬ_79:
ಎಲ್ಲರಿಗೂ ನಮಸ್ಕಾರ. ಹಳೆ ಸೈನಿಕ ಬಂದೂಕುಗಳ ಹುಚ್ಚು ಹತ್ತಿ ಎರಡು ವರ್ಷ ಆಯಿತು. ಇಲ್ಲಿಯವರೆಗೆ ಪುಸ್ತಕ, ಬಾಯ್ನೆಟ್, ಖಾಲಿ ತೋಟಾ ಅಷ್ಟೇ. ಈಗ ಒಬ್ಬರು ಮಾರ್ಟಿನಿ-ಹೆನ್ರಿ (ವಿಕ್ಟೋರಿಯಾ ಕಾಲದ ಬ್ರಿಟಿಷ್ ಸೈನ್ಯದ ಬಂದೂಕು) ಕುದುರೆ ಸವಾರರ ಕಾರ್ಬೈನ್, ಅಂದರೆ ಮೋಟು ನಳಿಕೆಯದ್ದು, ಕೊಡುತ್ತೇನೆ ಅನ್ನುತ್ತಿದ್ದಾರೆ. 1879ರ ಜುಲು ಯುದ್ಧದಲ್ಲಿ (ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಜುಲುಗಳಿಗೂ ನಡೆದದ್ದು) ಬಳಸಿದ್ದು ಅಂತ ಅವರ ಮಾತು. ಕಾಗದ ಪತ್ರ ಏನೂ ಇಲ್ಲ, "ಮೊದಲಿನ ಮಾಲೀಕರು ಹೇಳಿದ್ದು" ಅಷ್ಟೇ. ನಳಿಕೆ ಅಳೆದೆ, 54 ಸೆಂ.ಮೀ.ಗೆ ಸ್ವಲ್ಪ ಜಾಸ್ತಿ. ಬಲಗಡೆ ಕಿರೀಟ, ಕೆಳಗೆ ವಿ.ಆರ್. (ವಿಕ್ಟೋರಿಯಾ ರಾಣಿಯ ಗುರುತು), ಆಮೇಲೆ ಎನ್‌ಫೀಲ್ಡ್ (ಬ್ರಿಟಿಷ್ ಸರ್ಕಾರದ ಬಂದೂಕು ಕಾರ್ಖಾನೆ), 1878, ರೋಮನ್ 'II', ಅದರ ಕೆಳಗೆ '1'. ಎರಡನೇ ಮಾದರಿ ಕಾರ್ಬೈನ್, ಸಂಖ್ಯೆ ಒಂದು ಅಂತ ಮಾರುವವರು ವಿವರಿಸಿದರು. ತಗೊಳ್ಳಲಾ?

ತುಕ್ಕುತಾತ:
ಮೊದಲು ಇದು ಹೇಳಿ. ಲಿವರ್ ಇಳಿಸಿ ಒಳಗೆ ತೋಟಾ ಇಲ್ಲ ಅಂತ ಕಣ್ಣಾರೆ ನೋಡಿದ್ದೀರಾ? ನಗಬೇಡಿ. ಬಾಯಿಂದ ಮದ್ದು ತುಂಬುವ ಹಳೆ ಕೋವಿಗಳಲ್ಲಿ ನೂರೈವತ್ತು ವರ್ಷದ ಮದ್ದು, ಗುಂಡು ಹಾಗೇ ಕೂತಿರುವುದು ಹೊಸ ವಿಷಯ ಅಲ್ಲ. ಅವಕ್ಕೆ ಗಜ (ಮದ್ದು ಗಿಡಿಯುವ ಉದ್ದ ಸಲಾಕೆ) ಇಳಿಸಿ, ಬಾಯಿಯ ಹತ್ತಿರ ಬೆರಳಿಟ್ಟು ಹಿಡಿದು, ಹೊರಗೆ ತೆಗೆದು ನಳಿಕೆಯ ಪಕ್ಕಕ್ಕಿಟ್ಟು ನೋಡಬೇಕು. ಒಳಗೆ ಹೋದದ್ದು ಹೊರಗಿನ ಉದ್ದಕ್ಕಿಂತ ಮೂರು ನಾಲ್ಕು ಬೆರಳು ಕಡಿಮೆ ಇದ್ದರೆ ಅಲ್ಲೇ ನಿಲ್ಲಿಸಿ, ತಿಳಿದವರ ಕೈಗೆ ಕೊಡಿ. ಮಾರ್ಟಿನಿ ಹಿಂದಿನಿಂದ ತುಂಬುವುದು, ಹಾಗಾಗಿ ಕಷ್ಟ ಇಲ್ಲ. ಆದರೂ ನೋಡಿ.

ಆಮೇಲೆ ಫೋಟೋ ಹಾಕಿ. ಇಡೀ ಬಂದೂಕಿನ ಚಂದದ ಫೋಟೋ ಬೇಡ. ಬಟ್‌ನ (ಭುಜಕ್ಕೆ ಒತ್ತುವ ಮರದ ಭಾಗ) ಹಿಂಭಾಗದ ಲೋಹದ ತಟ್ಟೆ, ಹಿಂದಿನ ಗುರಿಕಟ್ಟು (ದೂರಕ್ಕೆ ತಕ್ಕ ಹಾಗೆ ಗುರಿ ಹೊಂದಿಸುವ ಪಟ್ಟಿ), ನಳಿಕೆಯ ಬಾಯಿ, ಎಲ್ಲಾ ಸ್ಕ್ರೂಗಳ ತಲೆ, ಮುದ್ರೆಗಳು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ತೆಗೆಯಿರಿ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಒಂದಕ್ಷರವೂ ಕಾಣಲ್ಲ.

ಹೊಸಬ_79:
ಖಾಲಿ ಇದೆ ಸರ್, ಎರಡು ಸಲ ನೋಡಿದೆ. ಫೋಟೋ ಹಾಕಿದ್ದೇನೆ, ಹನ್ನೊಂದು ಇವೆ.

ನಳಿಕೆನೋಟ:
ನನ್ನ ಮೊದಲ ಅನುಮಾನ ಯಾವಾಗಲೂ ಖೈಬರ್ ಕಡೆಗೇ. ಈಗಿನ ಪಾಕಿಸ್ತಾನದ ಖೈಬರ್ ಕಣಿವೆ, ದರ್ರಾ ಆದಮ್ ಖೇಲ್ ಕಡೆಯ ಕಮ್ಮಾರರು ಅರ ಮತ್ತು ಸುತ್ತಿಗೆ ಹಿಡಿದು ಬ್ರಿಟಿಷ್ ಬಂದೂಕುಗಳನ್ನು ತಲೆಮಾರುಗಟ್ಟಲೆ ನಕಲು ಮಾಡಿದ್ದಾರೆ. ಕೈಚಳಕ ನೋಡಿದರೆ ಕೈಮುಗಿಯಬೇಕು ಅನಿಸುತ್ತದೆ. ಆದರೆ ಇಂಗ್ಲಿಷ್ ಅಕ್ಷರ ಅವರಿಗೆ ಬರೀ ಚಿತ್ರ. ಹಾಗಾಗಿ 'ಎನ್' ಅಕ್ಷರ ತಿರುಗಾಮುರುಗಾ ಇರುತ್ತದೆ, ಎನ್‌ಫೀಲ್ಡ್‌ನ ಕಾಗುಣಿತ ತಪ್ಪಿರುತ್ತದೆ, ಕಿರೀಟ ಮಗು ಬರೆದ ಗುಡಿಸಲಿನ ಹಾಗಿರುತ್ತದೆ. ಇಸವಿಯಂತೂ ಕೇಳಲೇಬೇಡಿ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ವಿ.ಆರ್. ಇದ್ದು ಕೆಳಗೆ 1907 ಅಂತ ಕೊರೆದದ್ದನ್ನು ನಾನೇ ಕೈಯಲ್ಲಿ ಹಿಡಿದಿದ್ದೇನೆ.

ನಿಮ್ಮದರಲ್ಲಿ ಆ ತೊಂದರೆ ಕಾಣಲಿಲ್ಲ. ಅಕ್ಷರಗಳು ಒಂದೇ ಅಳತೆ, ಒಂದೇ ಆಳ. ಠಸ್ಸೆ ಹೊಡೆದ ಜಾಗದ ಅಂಚು ಸವೆದು ಸುತ್ತಲಿನ ಲೋಹದ ಜೊತೆ ಸೇರಿಹೋಗಿದೆ. ಸುತ್ತಲೂ ಸವೆದಿದ್ದು ಅಕ್ಷರದ ಅಂಚು ಮಾತ್ರ ಚೂಪಾಗಿದ್ದರೆ ಹೆದರಬೇಕಿತ್ತು. ಬಾಣದ ಗುರುತೂ ಇದೆ, ಅದು ಬ್ರಿಟಿಷ್ ಸರ್ಕಾರದ ಸೊತ್ತು ಅನ್ನುವ ಮುದ್ರೆ. ಎರಡು ಬಾಣ ತುದಿಗೆ ತುದಿ ಮುಟ್ಟಿಸಿಕೊಂಡು ನಿಂತಿವೆಯಾ ನೋಡಿ. ಇದ್ದರೆ ಸರ್ಕಾರ ಅದನ್ನು ಸೇವೆಯಿಂದ ತೆಗೆದು ಮಾರಿದೆ ಅಂತ ಅರ್ಥ.

ನನ್ನ ಮಟ್ಟಿಗೆ ಅಸಲಿ ಎನ್‌ಫೀಲ್ಡ್. ಅಭಿನಂದನೆ!

ತುಕ್ಕುತಾತ:
ನಿಲ್ಲಿ ನಿಲ್ಲಿ, ಅಭಿನಂದನೆ ಇಟ್ಟುಕೊಂಡಿರಿ. ಎನ್‌ಫೀಲ್ಡ್ ಅಸಲಿ. ಕಾರ್ಬೈನ್ ಅಸಲಿಯಾ ಅನ್ನುವುದು ಬೇರೆ ಪ್ರಶ್ನೆ.

ಮಾರುವವರು 'II' ಮತ್ತು '1'ಕ್ಕೆ ಹೇಳಿದ ಅರ್ಥ ಸರಿಯಿಲ್ಲ. 'II' ಅಂದರೆ ಮಾರ್ಕ್ 2 ರೈಫಲ್. ಕೆಳಗಿನ '1' ದರ್ಜೆ, ಅಂದರೆ ಮೊದಲ ದರ್ಜೆಯ ಸ್ಥಿತಿಯಲ್ಲಿದೆ ಅಂತ. 1877ರಲ್ಲಿ ಬಂದ ಸವಾರರ ಕಾರ್ಬೈನ್‌ಗೆ ಆ ಜಾಗದಲ್ಲಿ 'ಐ.ಸಿ.1' ಅಂತ ಹೊಡೆಯುತ್ತಿದ್ದರು. ನಿಮ್ಮ ಫೋಟೋದಲ್ಲಿ ಅದು ಎಲ್ಲೂ ಇಲ್ಲ. ಅಳಿಸಿದ ಗುರುತೂ ಇಲ್ಲ.

ಅಂದರೆ ಇದು ರೈಫಲ್‌ನ ದೇಹ. ರೈಫಲ್ ನಳಿಕೆ 33 ಇಂಚಿಗಿಂತ ಸ್ವಲ್ಪ ಉದ್ದ, ಕಾರ್ಬೈನ್ ನಳಿಕೆ 21 ಮತ್ತು ಮೂರು ಎಂಟಾಂಶ (3/8) ಇಂಚು, ಲೆಕ್ಕಕ್ಕೆ 21.4 ಅಂತ ಇಟ್ಟುಕೊಳ್ಳಿ. ನೀವು ಅಳೆದದ್ದು ಸರಿಯಾಗಿ ಅಷ್ಟೇ. ಆದರೆ ಉದ್ದ ಸರಿ ಇದೆ ಅನ್ನುವುದು ಯಾವತ್ತೂ ಸಾಕ್ಷಿ ಅಲ್ಲ. ಗರಗಸ ಹಿಡಿದವನಿಗೂ ಅಳತೆ ಪಟ್ಟಿ ಇರುತ್ತದೆ. ನೋಡಬೇಕಾದ್ದು ದಪ್ಪ. ರೈಫಲ್ ನಳಿಕೆ ಬುಡದಲ್ಲಿ ದಪ್ಪ, ಬಾಯಿಯ ಕಡೆಗೆ ಹೋದ ಹಾಗೆ ಸಣ್ಣ. ನಡುವೆ ಕತ್ತರಿಸಿದರೆ ಬಾಯಿ ದಪ್ಪ ಉಳಿಯುತ್ತದೆ. ನಿಮ್ಮ ಏಳನೇ ಫೋಟೋದಲ್ಲಿ ಬಾಯಿ ನನಗೆ ದಪ್ಪ ಕಂಡಿತು. ಕ್ಯಾಲಿಪರ್ ಇಟ್ಟು ಅಳೆಯಿರಿ.

ಇನ್ನೊಂದು, ಹಿಂದಿನ ಗುರಿಕಟ್ಟಿನ ಮೇಲಿನ ಅಂಕಿ ಎಷ್ಟರವರೆಗೆ ಹೋಗಿದೆ? 1450 ಗಜದವರೆಗೆ ಇದ್ದರೆ ಅದು ರೈಫಲ್‌ನದ್ದು. ಕಾರ್ಬೈನ್ ತೋಟಾದಲ್ಲಿ ಮದ್ದೂ ಕಡಿಮೆ, ಗುಂಡೂ ಹಗುರ: 70 ಗ್ರೇನ್ (ತೂಕದ ಸಣ್ಣ ಅಳತೆ) ಮದ್ದು, 410 ಗ್ರೇನ್ ಗುಂಡು. ರೈಫಲ್‌ಗೆ 85 ಮತ್ತು 480. ಎರಡಕ್ಕೂ ಒಂದೇ ಗುರಿಕಟ್ಟು ಹೊಂದುವುದಿಲ್ಲ.

ಹೊಸಬ_79:
1450 ಇದೆ. 😞

ಗೆರೆಓದುಗ:
ಜುಲು ಕಥೆ ಬಗ್ಗೆ ಯಾರೂ ಮಾತಾಡಲಿಲ್ಲ. ಒಂದು ಕಿರೀಟ ಮತ್ತು 1878 ಕಂಡರೆ ಸಾಕು, ಮಾರುವವರಿಗೆಲ್ಲಾ ಆ ಯುದ್ಧದ ಹೆಸರಾಂತ ಕದನಗಳಾದ ಇಸಾಂಡ್ಲವಾನಾ, ರೋರ್ಕ್ಸ್ ಡ್ರಿಫ್ಟ್ ನೆನಪಾಗುತ್ತದೆ. ಅಲ್ಲಿ ಎಷ್ಟು ಬಂದೂಕು ಇದ್ದವು, ಈಗ "ಅಲ್ಲಿಂದ ಬಂದವು" ಎಷ್ಟು! ಎರಡನೆಯ ಲೆಕ್ಕವೇ ಜಾಸ್ತಿ ಇರಬೇಕು.

ಇನ್ನೊಂದು ತಮಾಷೆ ಇದೆ. ಆ ಯುದ್ಧದಲ್ಲಿ ನಟಾಲ್‌ನ (ಅಲ್ಲಿನ ಬ್ರಿಟಿಷ್ ವಸಾಹತು) ಕುದುರೆ ಸವಾರ ಸ್ವಯಂಸೇವಕರ ಕೈಯಲ್ಲಿದ್ದದ್ದು ಸ್ವಿನ್‌ಬರ್ನ್-ಹೆನ್ರಿ ಕಾರ್ಬೈನ್. ದೂರದಿಂದ ನೋಡಿದರೆ ಮಾರ್ಟಿನಿಯ ತಮ್ಮ. ಒಳಗಿನ ಯಂತ್ರವೇ ಬೇರೆ. ಮಾರುವವರು ಅದನ್ನು ಓದಿಕೊಂಡಿದ್ದರೆ ಇನ್ನೂ ಒಳ್ಳೆ ಕಥೆ ಹೇಳಬಹುದಿತ್ತು.

ಯಾವ ದಳದ್ದು ಅಂತ ಗೊತ್ತಾಗಬೇಕಾದರೆ ಬಟ್ ತಟ್ಟೆಯ ಮೇಲ್ಭಾಗದ ನಾಲಿಗೆ ನೋಡಬೇಕು. ದಳದ ಗುರುತು, ಬಂದೂಕಿನ ಸಂಖ್ಯೆ ಅಲ್ಲಿ ಹೊಡೆಯುತ್ತಿದ್ದರು.

ಹೊಸಬ_79:
ಆ ನಾಲಿಗೆಯ ಮೇಲೆ ಇಂಗ್ಲಿಷ್‌ನಲ್ಲಿ ಏನೂ ಇಲ್ಲ ಸರ್. ಸಣ್ಣ ಗೀರುಗಳಿವೆ, ಅಕ್ಷರವೋ ಏನೋ. ತುಕ್ಕು ತುಂಬಿದೆ. ಸ್ಟೀಲ್ ವೂಲ್ ಹಾಕಿ ಉಜ್ಜಿದರೆ ಓದಬಹುದಾ?

ಮರಕೆಲಸ:
ಬೇಡ! ಕೈ ಮುಗಿಯುತ್ತೇನೆ, ಬೇಡ.

ನನ್ನ ಕಥೆ ಕೇಳಿ. ನನ್ನ ಮೊದಲ ಬಂದೂಕು ಸ್ನೈಡರ್-ಎನ್‌ಫೀಲ್ಡ್. ಬಾಯಿಂದ ತುಂಬುವ 1853ರ ಮಾದರಿಯ ರೈಫಲ್‌ಗೆ ಹಿಂದಿನಿಂದ ತುಂಬುವ ಮುಚ್ಚಳ ಕೂರಿಸಿ, 1866ರಿಂದ ಸೈನ್ಯಕ್ಕೆ ಕೊಟ್ಟದ್ದು. ಮರ ಕಪ್ಪಗೆ, ಜಿಡ್ಡು ಜಿಡ್ಡಾಗಿತ್ತು. ನಾನು ಮರಗೆಲಸದವನು, ಕೈ ಸುಮ್ನೆ ಇರುತ್ತಾ? ಒಂದು ಭಾನುವಾರ ಕೂತು ಸ್ಯಾಂಡ್ ಪೇಪರ್ ಹಾಕಿ ಉಜ್ಜಿದೆ. ಅಕ್ರೋಟ್ ಮರದ ಬಣ್ಣ ಎಷ್ಟು ಚೆನ್ನಾಗಿ ಬಂತು ಅಂದರೆ ನಾನೇ ಬೀಗಿದೆ. ಅಗಸೆ ಎಣ್ಣೆ ಮೂರು ಕೈ ಹೊಡೆದೆ.

ಆಮೇಲೆ ಒಬ್ಬ ಹಿರಿಯರು ಮನೆಗೆ ಬಂದರು. ಕೈಗೆ ತಗೊಂಡರು, ಬಟ್‌ನ ಬಲಗಡೆ ಹೆಬ್ಬೆರಳು ಆಡಿಸಿದರು, ಏನೂ ಮಾತಾಡದೆ ವಾಪಸ್ ಕೊಟ್ಟರು. ಅಲ್ಲಿ ಕಾರ್ಖಾನೆಯ ಗುಂಡು ಮುದ್ರೆ ಇತ್ತಂತೆ. ಹೌದು, ಇತ್ತು. ಜಿಡ್ಡಿನ ಕೆಳಗೆ ಮಸುಕಾಗಿ ಒಂದು ವೃತ್ತ ಇದ್ದದ್ದು ನನಗೇ ನೆನಪಿದೆ. ಅದು ಕಲೆ ಅಂದುಕೊಂಡು ಅಲ್ಲೇ ಜಾಸ್ತಿ ಉಜ್ಜಿದ್ದೆ.

ಇನ್ನೊಂದೂ ತೋರಿಸಿದರು. ಕಾರ್ಖಾನೆಯಿಂದ ಬಂದಾಗ ಮರ ಮತ್ತು ಲೋಹ ಸಮಕ್ಕೆ ಇರುತ್ತವೆ, ಇಲ್ಲವೇ ಮರ ಕೂದಲಷ್ಟು ಮೇಲಿರುತ್ತದೆ. ನನ್ನದರಲ್ಲಿ ಬಟ್ ತಟ್ಟೆ ಮರಕ್ಕಿಂತ ಮೇಲೆದ್ದು ಉಗುರಿಗೆ ಸಿಕ್ಕುತ್ತಿತ್ತು. ಅಷ್ಟು ಮರವನ್ನು ನಾನು ತಿಂದಿದ್ದೆ. ಈಗ ಯಾವ ಬಂದೂಕು ಸಿಕ್ಕರೂ ಮೊದಲು ಉಗುರು ಆಡಿಸುವುದು ಅಲ್ಲೇ. ನನ್ನ ಹಾಗೆ ಭಾನುವಾರ ಕಳೆದವರು ಬೇಕಾದಷ್ಟು ಜನ ಇದ್ದಾರೆ.

ಎಣ್ಣೆ ಹಾಕಿ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಅಷ್ಟೇ.

ಕ್ಯಾಲಿಪರ್_ಅಕ್ಕ:
ಪಾಪ ಮರಕೆಲಸ ಅಣ್ಣಾ, ಪ್ರತಿ ಸಲ ಆ ಕಥೆ ಓದಿದಾಗಲೂ ನನ್ನ ಕೈಯೇ ಉರಿಯುತ್ತದೆ.

ಒಂದು ಮಾತು ಸೇರಿಸುತ್ತೇನೆ. ಅತಿನೇರಳೆ ಟಾರ್ಚ್ ಇಟ್ಟುಕೊಳ್ಳಿ. ಕತ್ತಲೆ ಕೋಣೆಯಲ್ಲಿ ಮರದ ಮೇಲೆ ಬಿಟ್ಟರೆ ಹೊಸ ವಾರ್ನಿಶ್, ಅಂಟು, ತುಂಬಿದ ಪುಟ್ಟಿ ಸುತ್ತಲಿನ ಹಳೆ ಮರಕ್ಕಿಂತ ಬೇರೆಯಾಗಿ ಹೊಳೆಯುತ್ತವೆ. ಹಗಲಲ್ಲಿ ಕಾಣದ ತೇಪೆ ಗೆರೆ ಎದ್ದು ಕಾಣುತ್ತದೆ.

ನಳಿಕೆನೋಟ:
ಸರಿ, ನಾನು ಆತುರಪಟ್ಟೆ, ಒಪ್ಪಿದೆ. ಆದರೆ ತಾತಾ, ಸೈನ್ಯವೇ ಹಳೆ ರೈಫಲ್‌ಗಳನ್ನು ಕಾರ್ಬೈನ್ ಮಾಡಿದ್ದಿದೆ ಅಲ್ವಾ? ಮೊಟಕಾಗಿದ್ದೆಲ್ಲಾ ಮೋಸ ಅಂತ ಹೇಗೆ ಹೇಳುವುದು?

ತುಕ್ಕುತಾತ:
ಮೋಸ ಅಂತ ನಾನು ಹೇಳಿಲ್ಲ. 1890ರ ದಶಕದಲ್ಲಿ ಹಳೆ ಮಾರ್ಟಿನಿಗಳಿಗೆ .303ರ (ಒಳಗಿನ ಅಗಲ, ಇಂಚಿನ ಲೆಕ್ಕ) ನಳಿಕೆ ಹಾಕಿ ಕಾರ್ಬೈನ್ ಮಾಡಿದ್ದು ನಿಜ. ಆದರೆ ಸರ್ಕಾರಿ ಕೆಲಸಕ್ಕೆ ಒಂದು ಗುಣ ಇದೆ. ಏನು ಮಾಡಿದರೂ ಮುದ್ರೆ ಒತ್ತುತ್ತಾರೆ. ಹೊಸ ಮಾದರಿಯ ಹೆಸರು, ಹೊಸ ಇಸವಿ, ಪರೀಕ್ಷಕನ ಗುರುತು, ಎಲ್ಲಾ ಹಳೆಯದರ ಪಕ್ಕದಲ್ಲೋ ಎದುರು ಬದಿಯಲ್ಲೋ ಇರುತ್ತವೆ. ಇದರಲ್ಲಿ ನಳಿಕೆ .450ರದ್ದೇ, ಎರಡನೇ ಸುತ್ತಿನ ಮುದ್ರೆಯೇ ಇಲ್ಲ. ಅಂದರೆ ಕಾರ್ಖಾನೆಯ ಹೊರಗೆ ಯಾರೋ ಕತ್ತರಿಸಿದ್ದಾರೆ. ಯಾವಾಗ, ಯಾಕೆ ಅನ್ನುವುದೇ ಈಗಿರುವ ಪ್ರಶ್ನೆ.

ಮುದ್ರೆಗಳನ್ನು ಒಂದೊಂದಾಗಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಒಂದಕ್ಕೊಂದು ಕಾಲದಲ್ಲಿ ಹೊಂದುತ್ತವೆಯಾ ಅಂತ ಕೇಳಬೇಕು. ಉದಾಹರಣೆಗೆ 'ಬಿ.ಎಸ್.ಎ. ಅಂಡ್ ಎಂ. ಕಂಪನಿ' (ಬರ್ಮಿಂಗ್‌ಹ್ಯಾಮ್‌ನ ಬಂದೂಕು ಕಂಪನಿ) ಅನ್ನುವ ಹೆಸರು ಇದ್ದದ್ದು 1873ರಿಂದ 1897ರವರೆಗೆ. ಆ ಹೆಸರಿನ ಕೆಳಗೆ 1899 ಕಂಡರೆ ಕೆಳಗಿಟ್ಟು ಬನ್ನಿ.

ಗೆರೆಓದುಗ:
ಅಮೆರಿಕದ 'ಟ್ರ್ಯಾಪ್‌ಡೋರ್' ಸ್ಪ್ರಿಂಗ್‌ಫೀಲ್ಡ್ ಕಾರ್ಬೈನ್‌ಗೂ ಇದೇ ಗತಿ. 1876ರಲ್ಲಿ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಕಸ್ಟರ್‌ನ 7ನೇ ಅಶ್ವದಳದ ಕೈಯಲ್ಲಿದ್ದದ್ದು ಅದು. ಹಾಗಾಗಿ ಬೇಡಿಕೆ ವಿಪರೀತ. ರೈಫಲ್ ನಳಿಕೆ 32 ಇಂಚಿಗಿಂತ ಜಾಸ್ತಿ, ಕಾರ್ಬೈನ್‌ನದ್ದು 22. ಎಷ್ಟು ರೈಫಲ್‌ಗಳು ಗರಗಸಕ್ಕೆ ಹೋಗಿವೆಯೋ! ಆದರೆ ಕತ್ತರಿಸುವವರು ಮರದ ಹೊಟ್ಟೆ ಮರೆಯುತ್ತಾರೆ. ರೈಫಲ್ ಮರದಲ್ಲಿ ನಳಿಕೆಯ ಕೆಳಗೆ ಗಜ ಇಡಲು ಸಣ್ಣ ಕಾಲುವೆ ತೋಡಿರುತ್ತಾರೆ, ಕಾರ್ಬೈನ್ ಮರದಲ್ಲಿ ಅದು ಇರಲ್ಲ. ನಳಿಕೆ ಎತ್ತಿ ನೋಡಿದರೆ ಆ ಕಾಲುವೆಯಲ್ಲಿ ಮರದ ಪಟ್ಟಿ ತುಂಬಿದ್ದು ಕಾಣುತ್ತದೆ.

ಅಲ್ಲಿಂದಲೇ ನಿಜವಾದ ಸಾಕ್ಷಿಯೂ ಬಂದಿದೆ. 1983ರಲ್ಲಿ ಆ ಯುದ್ಧಭೂಮಿಯ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬೋಳಾಯಿತು. 1984ರಿಂದ ಪುರಾತತ್ವದವರು ಲೋಹಶೋಧಕ ಹಿಡಿದು ಇಂಚಿಂಚು ಹುಡುಕಿದರು. ಸಿಕ್ಕ ಖಾಲಿ ತೋಟಾಗಳ ಹಿಂಭಾಗದಲ್ಲಿ ಸೂಜಿ ಹೊಡೆದ ಗುರುತನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಈಗಲೂ ಉಳಿದಿರುವ ಕೆಲವು ಬಂದೂಕುಗಳ ಜೊತೆ ತಾಳೆ ಹಾಕಿದರು. ಕೆಲವು ಹೊಂದಿದವು! ನೂರು ವರ್ಷ ಮಣ್ಣಲ್ಲಿದ್ದ ತೋಟಾ ತನ್ನ ಬಂದೂಕನ್ನು ಗುರುತು ಹಿಡಿದ ಹಾಗೆ. ಇಂಥದ್ದು ಇದ್ದರೆ ಯುದ್ಧದ ಕಥೆ ನಂಬಬಹುದು.

ಸುಮ್ನೆಓದುಗ:
ಮೂರು ವರ್ಷದಿಂದ ಸುಮ್ನೆ ಓದುತ್ತಿದ್ದೇನೆ, ಇವತ್ತು ಕೇಳಿಬಿಡುತ್ತೇನೆ. ಹೊಸಬರು ಸರಿಯಾದ ಕಾರ್ಬೈನ್ ಗುರಿಕಟ್ಟು, ನಳಿಕೆ ಹುಡುಕಿ ಜೋಡಿಸಿದರೆ ಅದು 'ಸರಿ' ಆಗಲ್ವಾ? ಎಲ್ಲಾ ಭಾಗಗಳೂ ಆ ಕಾಲದವೇ ಅಲ್ವಾ?

ಕ್ಯಾಲಿಪರ್_ಅಕ್ಕ:
ಇದಕ್ಕೆ ನನ್ನ ಹತ್ತಿರ ಉದ್ದ ಉತ್ತರ ಇದೆ, ಕೂತು ಓದಿ. ನಾನು ಅಮೆರಿಕ ಸೈನ್ಯದ ಎಂ1 ಕಾರ್ಬೈನ್‌ಗಳ ಹಿಂದೆ ಬಿದ್ದವಳು.

ಎರಡನೇ ಮಹಾಯುದ್ಧದಲ್ಲಿ ಇದನ್ನು 60 ಲಕ್ಷಕ್ಕೂ ಜಾಸ್ತಿ ಮಾಡಿದರು. ಮಾಡಿದವರು ಯಾರು ನೋಡಿ: ಟೈಪ್‌ರೈಟರ್ ಮಾಡುವ ಅಂಡರ್‌ವುಡ್, ನಾಣ್ಯ ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಮಾಡುವ ರಾಕ್-ಓಲಾ, ಐಬಿಎಂ, ಜನರಲ್ ಮೋಟಾರ್ಸ್‌ನ ಇನ್‌ಲ್ಯಾಂಡ್ ವಿಭಾಗ. ಒಬ್ಬರ ಭಾಗ ಇನ್ನೊಬ್ಬರಿಗೆ ಕೊಡುವುದು ಕಾರ್ಖಾನೆಯಲ್ಲೇ ನಡೆಯುತ್ತಿತ್ತು. ಯುದ್ಧ ಮುಗಿದ ಮೇಲೆ ಸೈನ್ಯ ರಾಶಿ ರಾಶಿ ಬಿಚ್ಚಿ, ತೊಳೆದು, ಕೈಗೆ ಸಿಕ್ಕ ಭಾಗ ಹಾಕಿ ಮತ್ತೆ ಕಟ್ಟಿತು. ಮೊದಲಿನ ಸರಳ ಹಿಂಗುರಿ ತೆಗೆದು ತಿರುಗಿಸುವ ಗುರಿಕಟ್ಟು ಹಾಕಿತು. ಯುದ್ಧದ ಕೊನೆಗೆ ಬಂದ ಬಾಯ್ನೆಟ್ ಹಿಡಿಯುವ ಪಟ್ಟಿಯನ್ನು ಹಳೆಯವಕ್ಕೂ ಕೂರಿಸಿತು. ಹಾಗಾಗಿ 1943ರ ಕಾರ್ಬೈನ್ ಮೇಲೆ ಬಾಯ್ನೆಟ್ ಪಟ್ಟಿ ಇದ್ದರೆ ಅದು ತಪ್ಪಲ್ಲ, ಅದು ರಿಪೇರಿಗೆ ಹೋಗಿ ಬಂದಿದೆ ಅಷ್ಟೇ.

ಈಗ ಸಂಗ್ರಹಕಾರರು ಏನು ಮಾಡುತ್ತಾರೆ? ಆ ಪಟ್ಟಿ ಕಿತ್ತು ಹಳೆ ಪಟ್ಟಿ ಹಾಕುತ್ತಾರೆ, ಗುರಿಕಟ್ಟು ಬದಲಿಸುತ್ತಾರೆ, ಪ್ರತಿ ಭಾಗದ ಮೇಲಿನ ಗುರುತು ನೋಡಿ ಒಂದೇ ಕಂಪನಿಯದ್ದು ಸೇರಿಸುತ್ತಾರೆ. ಕೊನೆಗೆ 'ಕಾರ್ಖಾನೆಯಿಂದ ಬಂದ ಹಾಗೇ ಇದೆ' ಅಂತ ಮಾರುತ್ತಾರೆ. ನಾನೂ ಎರಡು ಮಾಡಿದ್ದೇನೆ, ಸುಳ್ಳು ಹೇಳಲ್ಲ. ಚೆನ್ನಾಗಿ ಕಾಣುತ್ತವೆ. ಆದರೆ ಆ ಎರಡಕ್ಕೂ ಒಂದೊಂದು ಚೀಟಿ ಬರೆದು ಬಟ್‌ನ ಒಳಗಿಟ್ಟಿದ್ದೇನೆ, ಯಾವ ಭಾಗ ನಾನು ಬದಲಿಸಿದೆ, ಯಾವ ವರ್ಷ ಅಂತ. ನಾನು ಹೋದ ಮೇಲೆ ಯಾರೂ ಅದನ್ನು ಅಸಲಿ ಅಂತ ನಂಬಬಾರದು. ಚೀಟಿ ಇಲ್ಲದೆ ಮಾಡಿದರೆ ಅದು ನಕಲು ತಯಾರಿಕೆ, ಭಾಗಗಳು ಎಷ್ಟೇ ಹಳೆಯವಾಗಿರಲಿ.

ಅಂದಹಾಗೆ, ಮಡಚುವ ಬಟ್ ಇರುವ ಎಂ1ಎ1 ಮಾಡಿದ್ದು ಇನ್‌ಲ್ಯಾಂಡ್ ಮಾತ್ರ, ಸುಮಾರು 1,40,000. ಅಂಡರ್‌ವುಡ್ ಗುರುತಿನ ಕಾರ್ಬೈನ್ ಮೇಲೆ ಮಡಚುವ ಬಟ್ ನೋಡಿ "ಪ್ಯಾರಾಟ್ರೂಪರ್ ಮಾದರಿ" ಅಂದರೆ ನಕ್ಕು ಮುಂದೆ ಹೋಗಿ.

ನಳಿಕೆನೋಟ:
ಅಕ್ಕಾ, ನಾನು ಒಪ್ಪಲ್ಲ. ರಿಪೇರಿಯಲ್ಲಿ ಕೆಟ್ಟದ್ದನ್ನು ಸರಿ ಮಾಡುವುದು ಸಂಗ್ರಹಕಾರನ ಕೆಲಸವೇ. ಮುರಿದ ಸ್ಕ್ರೂ ಬದಲಿಸಿದರೂ ಚೀಟಿ ಬರೆಯಬೇಕಾ?

ಕ್ಯಾಲಿಪರ್_ಅಕ್ಕ:
ಹೌದು, ಬರೆಯಬೇಕು. ಚೀಟಿಗೆ ಎಷ್ಟು ಹೊತ್ತು ಬೇಕು?

ನಳಿಕೆನೋಟ:
ನನ್ನ ಹತ್ತಿರ ನಲವತ್ತು ಇವೆ ಅಕ್ಕಾ.

ಕ್ಯಾಲಿಪರ್_ಅಕ್ಕ:
ಹಾಗಾದರೆ ನಲವತ್ತು ಚೀಟಿ.

ತುಕ್ಕುತಾತ:
ಜಪಾನಿನ ಅರಿಸಾಕಾ ರೈಫಲ್ ನೆನಪಾಯಿತು. 1945ರ ಶರಣಾಗತಿಯ ಹೊತ್ತಿಗೆ ಅವುಗಳ ಮೇಲಿದ್ದ ಚಕ್ರವರ್ತಿಯ ಹದಿನಾರು ಎಸಳಿನ ಸೇವಂತಿಗೆ ಮುದ್ರೆಯನ್ನು ಉಜ್ಜಿ ಅಳಿಸಿಯೇ ಬಹಳಷ್ಟನ್ನು ಒಪ್ಪಿಸಿದರು. ಹಾಗಾಗಿ ಹೂವು ಉಳಿದದ್ದಕ್ಕೆ ಬೇಡಿಕೆ ಜಾಸ್ತಿ, ಮತ್ತೆ ಹೂವು ಕೊರೆಯುವವರೂ ಹುಟ್ಟಿಕೊಂಡರು. ಆದರೆ ಉಜ್ಜಿದ ಜಾಗ ತಗ್ಗಾಗಿರುತ್ತದೆ. ಸಣ್ಣ ಉಕ್ಕಿನ ಪಟ್ಟಿಯನ್ನು ಅಡ್ಡ ಇಟ್ಟು ಹಿಂದಿನಿಂದ ಬೆಳಕು ಬಿಟ್ಟರೆ ಹೂವಿನ ಕೆಳಗೆ ಸಂದು ಕಾಣುತ್ತದೆ. ನನಗೆ ಕೇಳಿದರೆ ಉಜ್ಜಿದ್ದೇ ಹೆಚ್ಚು ಇಷ್ಟ. ಅದರಲ್ಲಿ ಒಂದು ದೇಶ ಸೋತ ಗುರುತಿದೆ. ಆದರೆ ಮಾರುಕಟ್ಟೆ ನನ್ನ ಮಾತು ಕೇಳಲ್ಲ.

ಗೆರೆಓದುಗ:
ಲೀ-ಎನ್‌ಫೀಲ್ಡ್ ನಂ. 4 (ಟಿ) ದೂರದರ್ಶಕದ ರೈಫಲ್ ಹುಡುಕುವವರಿಗೂ ಒಂದು ಮಾತು. ದೇಹದ ಎಡಗಡೆ 'ಟಿ', ಬಟ್ ಕೂರುವ ಲೋಹದ ಮೇಲೆ 'ಟಿಆರ್', ಬಟ್‌ನ ಕೆಳಗೆ 'ಎಸ್51' (ಪರಿವರ್ತನೆ ಮಾಡಿದ ಹಾಲೆಂಡ್ ಅಂಡ್ ಹಾಲೆಂಡ್‌ನ ಸಂಕೇತ), ಹಿಡಿಯ ಮೇಲೆ ದೂರದರ್ಶಕದ ಸಂಖ್ಯೆ, ದೂರದರ್ಶಕದ ಹಿಡಿಕೆಯ ಮೇಲೆ ರೈಫಲ್ ಸಂಖ್ಯೆ. ಒಂದು ಇನ್ನೊಂದನ್ನು ಹೆಸರಿಟ್ಟು ಕರೆಯುತ್ತದೆ. ಇವೆಲ್ಲಾ ಒಟ್ಟಿಗೆ ಉಳಿದದ್ದು ಸಿಗುವುದು ಅಪರೂಪ. ಯುದ್ಧಾನಂತರ ರೈಫಲ್ ಒಂದು ಕಡೆ, ದೂರದರ್ಶಕ ಇನ್ನೊಂದು ಕಡೆ ಹೋದವು.

ಹೊಸಬ_79:
ಎಲ್ಲರಿಗೂ ಧನ್ಯವಾದ. ನಿನ್ನೆ ಮತ್ತೆ ಹೋಗಿದ್ದೆ. ಮಾರುವವರ ಎದುರಿಗೇ ಮುಂದಿನ ಮರ ಬಿಚ್ಚಿದೆವು. ಅವರೂ ಕುತೂಹಲದಿಂದಲೇ ನೋಡಿದರು, ಮೋಸ ಮಾಡುವ ಮನುಷ್ಯ ಅಲ್ಲ ಅನಿಸಿತು. ಕೇಳಿದ ಕಥೆಯನ್ನೇ ಹೇಳಿದ್ದಾರೆ.

ನಳಿಕೆಯ ಬಾಯಿ ದಪ್ಪವೇ ಇದೆ. ಮುಂದಿನ ಗುರಿಯ ಬುಡದಲ್ಲಿ ಹಿತ್ತಾಳೆ ಬೆಸುಗೆ ಉಕ್ಕಿ ಗಟ್ಟಿಯಾಗಿದೆ. ಗರಗಸದ ಗುರುತು ಕಾಣಲ್ಲ. ಕತ್ತರಿಸಿದ ಬಾಯಿ ಸವೆದು ನುಣುಪಾಗಿದೆ, ಅಲ್ಲೂ ಉಳಿದ ಕಡೆಯ ಹಾಗೇ ಕಂದು ಬಣ್ಣ, ಅದೇ ಸಣ್ಣ ಸಣ್ಣ ತುಕ್ಕಿನ ಗುಳಿ. ಬಿಗಿಯಾಗಿ ಬಟ್ಟೆ ಸುತ್ತಿದ ಸಲಾಕೆ ತಳ್ಳಿ ನೋಡಿದೆ, ನಳಿಕೆ ಮುಗಿಯುವಷ್ಟರಲ್ಲಿ ಸಲಾಕೆ ಬಲಕ್ಕೆ ಹೆಚ್ಚುಕಡಿಮೆ ಒಂದು ಪೂರ್ತಿ ಸುತ್ತು ತಿರುಗಿತು. ಒಳಗೆ ಕೊರೆದ ಸುರುಳಿ ಗೆರೆ ಏಳು.

ತುಕ್ಕುತಾತ:
ಭೇಷ್! ಹೆನ್ರಿ ಗೆರೆ ಏಳು, 22 ಇಂಚಿಗೆ ಒಂದು ಸುತ್ತು. ನಳಿಕೆ ಅಸಲಿ ಮಾರ್ಟಿನಿ-ಹೆನ್ರಿಯದ್ದೇ. ಕತ್ತರಿಸಿದ ಬಾಯಿಗೂ ಅದೇ ಬಣ್ಣ, ಅದೇ ಗುಳಿ ಅಂದರೆ ಇದು ಇತ್ತೀಚೆಗೆ ಮಾರಾಟಕ್ಕೆ ಕತ್ತರಿಸಿದ್ದಲ್ಲ. ಯಾರೋ ಬಳಸಲಿಕ್ಕೇ ಮೋಟು ಮಾಡಿಕೊಂಡಿದ್ದಾರೆ, ಬಳಸಿದ್ದಾರೆ ಕೂಡ. ಕುದುರೆಯ ಮೇಲೋ, ಕಾಡಿನಲ್ಲೋ. ಆ ನಾಲಿಗೆಯ ಮೇಲಿನ ಗೀರು ಏನಾಯಿತು?

ಹೊಸಬ_79:
ಎರಡು ದಿನ ಎಣ್ಣೆ ಹಚ್ಚಿಟ್ಟು ಒರೆಸಲು ಅವರು ಒಪ್ಪಿದ್ದರು. ಈಗ ನಾಲ್ಕು ಅಂಕಿ ಕಾಣುತ್ತಿವೆ. ದೇವನಾಗರಿ! ಮೊದಲು ಎರಡು, ಆಮೇಲೆ ಏಳು. ಮೂರನೆಯದು ತಿಳಿಯುತ್ತಿಲ್ಲ. ಕೊನೆಯದು ಸೊನ್ನೆ.

ಗೆರೆಓದುಗ:
ಓಹೋ. ನೇಪಾಳದ ಸೈನ್ಯದ ಹತ್ತಿರ ಬ್ರಿಟಿಷ್ ಮಾರ್ಟಿನಿಗಳಿದ್ದವು, ಅವುಗಳ ಮೇಲೆ ದೇವನಾಗರಿ ಅಂಕಿ, ಅಕ್ಷರ ಕೊರೆದದ್ದು ಸಾಮಾನ್ಯ. ಅವರೇ ಗಹೇಂದ್ರ ಅನ್ನುವ ತಮ್ಮದೇ ರೈಫಲ್ ಕೂಡ ಮಾಡಿದ್ದರು, ಹೊರಗೆ ಮಾರ್ಟಿನಿಯ ರೂಪ, ಒಳಗಿನ ಯಂತ್ರ ಬೇರೆ. ನಿಮ್ಮದು ಎನ್‌ಫೀಲ್ಡ್‌ದೇ, ಗಹೇಂದ್ರ ಅಲ್ಲ. ಆದರೆ ಅಂಕಿ ಇದೆ ಅನ್ನುವ ಮಾತ್ರಕ್ಕೆ ಈಗಲೇ ನೇಪಾಳ ಅಂತ ಬರೆದುಕೊಳ್ಳಬೇಡಿ. ಜುಲು ಹೋಗಿ ಹಿಮಾಲಯ ಬಂತು ಅನ್ನುವ ಹಾಗಾಗಬಾರದು. ಮರದ ಒಳಮೈ, ನಳಿಕೆಯ ಕೆಳಭಾಗ ನೋಡಿ. ಅಲ್ಲೂ ಅದೇ ಅಂಕಿ ಇದ್ದರೆ ಆಗ ಮಾತಾಡೋಣ.

ಹೊಸಬ_79:
ತಗೊಳ್ಳುತ್ತಿದ್ದೇನೆ. 'ಕತ್ತರಿಸಿದ ಮಾರ್ಕ್ 2 ರೈಫಲ್' ಅಂತ ಚೀಟಿಯಲ್ಲಿ ಬರೆದುಕೊಡಲು ಅವರು ಒಪ್ಪಿದರು. ಅಕ್ಕಾ, ನಿಮ್ಮ ಮಾತು ಕೇಳಿದ್ದಕ್ಕೆ.

ಕ್ಯಾಲಿಪರ್_ಅಕ್ಕ:
👏 ನಳಿಕೆನೋಟ, ನೋಡಿದಿರಾ?

ನಳಿಕೆನೋಟ:
ನೋಡಿದೆ. ಇವತ್ತು ಮೂರು ಬರೆದೆ. ಇನ್ನು ಮೂವತ್ತೇಳು.

ಮರಕೆಲಸ:
ಹೊಸಬರೇ, ಆ ಮೂರನೇ ಅಂಕಿಗೆ ಉಜ್ಜಬೇಡಿ ಮತ್ತೆ. ತೆಳು ಕಾಗದ ಇಟ್ಟು ಪೆನ್ಸಿಲನ್ನು ಮಲಗಿಸಿ ಮೇಲಿಂದ ಆಡಿಸಿ, ಫೋಟೋ ತೆಗೆದು ಹಾಕಿ.

ಹೊಸಬ_79:
ಹಾಕಿದೆ. ಐದಾ, ಆರಾ?

ತುಕ್ಕುತಾತ:
ಐದು. ಕನ್ನಡಕ ಹಾಕಿಕೊಂಡು ಮತ್ತೆ ಹೇಳುತ್ತೇನೆ.